'ಅಧ್ಯಕ್ಷರು' ಎಂದರೆ ಯಾರು ಎದ್ದು ನಿಲ್ಲುತ್ತಾರೆ?

ಸಂಪಾದಕರಿಗೆ,

ಮಾನ್ಯರೇ,

ಮಹಿಳೆಯರನ್ನು ಅಧ್ಯಕ್ಷೆ, ಶಾಸಕಿ, ಸಚಿವೆ ಎಂದು ಬರೆಯುವುದನ್ನು ಪತ್ರಿಕೆಗಳು ಕೈಬಿಡಬೇಕು, ಹುದ್ದೆಗೆ ಲಿಂಗವಿಲ್ಲ, ಎಲ್ಲರಿಗೂ 'ಅಧ್ಯಕ್ಷರು' ಎಂಬ ಒಂದೇ ಪದ ಸಾಕು ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರು ಯಾವುದಾದರೂ ಹಳ್ಳಿಯ ಪಂಚಾಯಿತಿ ಕಚೇರಿಯಲ್ಲಿ ಒಂದು ವಾರ ಕುಳಿತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ನಾನು ಮಂಡ್ಯ ಜಿಲ್ಲೆಯಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. 'ಅಧ್ಯಕ್ಷರು' ಎಂಬ ಆ ಗೌರವದ ಬಹುವಚನದ ಹಿಂದೆ ಯಾರು ಯಾರು ಬಂದು ಕೂರುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸದಸ್ಯ ಸ್ಥಾನಗಳ ಜೊತೆಗೆ ಅಧ್ಯಕ್ಷ ಸ್ಥಾನಗಳಲ್ಲೂ ಮಹಿಳೆಯರಿಗೆ ಮೀಸಲಾತಿ ಬಂತು. ಕೆಲವು ವರ್ಷಗಳ ನಂತರ ನಾನಿದ್ದ ಪಂಚಾಯಿತಿಯ ಸರದಿ. ಗೆದ್ದ ಹೆಣ್ಣುಮಗಳಿಗೆ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಕಚೇರಿಯಲ್ಲಿ 'ಅಧ್ಯಕ್ಷರು, ಗ್ರಾಮ ಪಂಚಾಯಿತಿ' ಎಂಬ ಹಳೆಯ ರಬ್ಬರ್ ಸೀಲು ಇತ್ತು. ಗಂಡಸಿಗೂ ಹೆಂಗಸಿಗೂ ಒಪ್ಪುವ ಪದವಲ್ಲವೇ, ಹೊಸದು ಮಾಡಿಸುವ ಯೋಚನೆ ಯಾರಿಗೂ ಬರಲಿಲ್ಲ. ಅದು ಅವರ ಯಜಮಾನರ ಅಂಗಿಯ ಜೇಬು ಸೇರಿತು. ಆ ಬಿಳಿ ಅಂಗಿಯ ಎಡಜೇಬಿನ ತಳದಲ್ಲಿ ನೇರಳೆ ಶಾಯಿಯ ಕಲೆ ಸದಾ ಇರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಜವಾನ 'ಅಧ್ಯಕ್ಷರು ಬಂದರು' ಎಂದು ಟೀ ತರಲು ಓಡುತ್ತಿದ್ದ. ಸುಳ್ಳೇಕೆ ಹೇಳಲಿ, ನಾನೂ ಅವರನ್ನೇ 'ಅಧ್ಯಕ್ಷರೇ' ಎಂದು ಕರೆಯುತ್ತಿದ್ದೆ. ಚೆಕ್ಕು, ಕಡತಗಳು ಮನೆಗೆ ಹೋಗುತ್ತಿದ್ದವು. ಆಕೆ ಮುದ್ದೆ ತಿರುವುತ್ತಿದ್ದ ಕೈಯನ್ನು ಒರೆಸಿಕೊಂಡು ಸಹಿ ಹಾಕುತ್ತಿದ್ದರು.

ಒಮ್ಮೆ ತಾಲ್ಲೂಕಿನಿಂದ ವಯಸ್ಸಾದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. 'ಅಧ್ಯಕ್ಷರು ಎಲ್ಲಿ?' ಎಂದರು. ಯಜಮಾನರು ಎದ್ದು ಕೈಮುಗಿದರು. ಅಧಿಕಾರಿ ನಡಾವಳಿ ಪುಸ್ತಕದಿಂದ ತಲೆಯೆತ್ತದೆ, 'ತಪ್ಪಾಯಿತು, ನಾನು ಕೇಳಬೇಕಾಗಿದ್ದು ಅಧ್ಯಕ್ಷೆ ಎಲ್ಲಿ ಎಂದು' ಎಂದರು. ಆ ಮನುಷ್ಯ ಏನು ಮಾಡಿಯಾರು? ನಿಂತಲ್ಲೇ ಒಂದು ಗಳಿಗೆ ಇದ್ದು, ಗೋಡೆಯ ಪಕ್ಕದ ಬೆಂಚಿಗೆ ಹೋಗಿ ಕುಳಿತರು. ಜವಾನನ ಸೈಕಲ್ಲು ಅವರ ಮನೆಯ ಕಡೆಗೆ ಓಡಿತು.

ಆ ವಾರವೇ ಮಂಡ್ಯದಿಂದ 'ಅಧ್ಯಕ್ಷೆ' ಎಂದು ಹೊಸ ಸೀಲು ಮಾಡಿಸಿ ತಂದೆ. ಆಕೆ ಅದನ್ನು ತಮ್ಮ ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡರು. ಅಲ್ಲಿಗೆ ಎಲ್ಲವೂ ನೆಟ್ಟಗಾಯಿತು ಎಂದು ನಾನು ಹೇಳುವುದಿಲ್ಲ. ಯಜಮಾನರು ಬರುವುದನ್ನು ಬಿಡಲಿಲ್ಲ, ಬೆಂಚಿನ ಮೇಲಿಂದಲೇ ಸಲಹೆ ಕೊಡುತ್ತಿದ್ದರು. ಆದರೆ ಆ ಸೀಲು ಮತ್ತೆ ಅವರ ಜೇಬಿಗೆ ಇಳಿಯಲಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಗೌಡತಿ ಎಂದರೆ ಗೌಡಿಕೆ ಮಾಡುವವಳಲ್ಲ, ಗೌಡನ ಹೆಂಡತಿ. ನನ್ನ ಹೆಂಡತಿಯನ್ನು ಊರಿನವರು 'ಸೆಕ್ರೆಟರಿಯಮ್ಮ' ಎನ್ನುತ್ತಿದ್ದರು. ಅವಳು ಒಂದು ದಿನವೂ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಹೀಗಿರುವಾಗ 'ಅಧ್ಯಕ್ಷರಮ್ಮ' ಎಂದರೆ ಕೇಳಿದವರು ಏನೆಂದು ತಿಳಿಯಬೇಕು? 'ಅಧ್ಯಕ್ಷೆ'ಯಲ್ಲಿ ಆ ಗೊಂದಲವಿಲ್ಲ. ಅದು ಅಧಿಕಾರ ಹಿಡಿದವಳ ಹೆಸರು. ಅಧ್ಯಕ್ಷನಿಗೆ ಅಧ್ಯಕ್ಷೆ, ಸಂಸದನಿಗೆ ಸಂಸದೆ. ಮಂಡ್ಯದವರ ಬಾಯಲ್ಲಿ ಸಂಸದೆ ಎಂಬುದು 2013ರ ಉಪಚುನಾವಣೆಯಲ್ಲಿ ರಮ್ಯಾ, 2019ರಲ್ಲಿ ಸುಮಲತಾ ಗೆದ್ದ ಮೇಲೆ ಸಲೀಸಾಗಿ ಹೋಯಿತು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಜಿಲ್ಲಾಧಿಕಾರಿ, ಕಾರ್ಯದರ್ಶಿ, ಮಂತ್ರಿ ಮುಂತಾದ ಪದಗಳು ತಮ್ಮಷ್ಟಕ್ಕೆ ತಾವೇ ಇಬ್ಬರಿಗೂ ಸಲ್ಲುತ್ತವೆ. ಅವುಗಳ ಹಿಂದೆ 'ಮಹಿಳಾ' ಏಕೆ ತಗುಲಿಸುತ್ತೀರಿ? 'ಪುರುಷ ತಹಶೀಲ್ದಾರ್' ಎಂದು ನಾನೆಂದೂ ಓದಿಲ್ಲ. 2020ರಲ್ಲಿ ತಸ್ನೀಂ ಅವರು ಮೈಸೂರಿನ ಮೇಯರ್ ಆದರು. ಮೇಯರ್ ಎಂದೇ ಕರೆದೆವು, ಯಾರೂ 'ಮೇಯರಿಣಿ' ಹುಡುಕಲು ಹೋಗಲಿಲ್ಲ. ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿಯೇ ವಿಧಾನಸಭೆಯ ಸ್ಪೀಕರ್ ಪೀಠವೇರಿದವರು. ಮತ್ತೆ ಕೆಲವರಿಗೆ 'ಪತಿ' ಕಂಡರೆ 'ಪತ್ನಿ' ನೆನಪಾಗುತ್ತದೆ. 2007ರಲ್ಲಿ ಪ್ರತಿಭಾ ಪಾಟೀಲರು ರಾಷ್ಟ್ರಪತಿಯಾದಾಗಲೂ ಈ ಕುಹಕ ಕಿವಿಗೆ ಬಿದ್ದಿತ್ತು. 2022ರಲ್ಲಿ ದ್ರೌಪದಿ ಮುರ್ಮು ಅವರ ಬಗ್ಗೆ ಆ ಮಾತಾಡಿದ ಸಂಸದರೊಬ್ಬರು ಕ್ಷಮೆ ಕೇಳಬೇಕಾಯಿತು. ಅಲ್ಲಿ ಪತಿ ಎಂದರೆ ಒಡೆಯ. ಸೇನಾಪತಿಯೇನು ಸೇನೆಯ ಗಂಡನೇ?

ಕೊನೆಗೆ ನಿಮ್ಮ ಪತ್ರಿಕೆಯದೇ ಒಂದು ಮಾತು. ಈಚೆಗೆ ಜಿಲ್ಲಾ ಪುಟದಲ್ಲಿ ಚರಂಡಿ ಕಾಮಗಾರಿಯ ಗುದ್ದಲಿ ಪೂಜೆಯ ಚಿತ್ರ ಬಂದಿತ್ತು. ಗುದ್ದಲಿ ಹಿಡಿದವರು ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಪತಿ. ಅಡಿಬರಹದಲ್ಲಿ ಅವರ ಹೆಸರು, ಗುತ್ತಿಗೆದಾರರ ಹೆಸರು, ಊರಿನ ನಾಲ್ಕು ಮುಖಂಡರ ಹೆಸರು, ಆಮೇಲೆ 'ಮತ್ತಿತರರು ಇದ್ದರು'. ಹಸಿರು ಸೀರೆಯುಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಂಚಿನಲ್ಲಿ ನಿಂತಿದ್ದ ಅಧ್ಯಕ್ಷೆ ಆ ಮತ್ತಿತರರಲ್ಲಿ ಒಬ್ಬರು. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಪಾಲು ಮಹಿಳೆಯರದು, ಇಂಥ ಚಿತ್ರಗಳು ನಿಮಗೆ ದಿನವೂ ಬರುತ್ತಿರಬೇಕು. ಮುಂದಿನ ಸಲ ಅವರ ಹೆಸರನ್ನು 'ಅಧ್ಯಕ್ಷೆ' ಎಂಬುದರ ಜೊತೆಗೆ ಮೊದಲಿಗೆ ಹಾಕಿ. ಯಜಮಾನರನ್ನು ಮತ್ತಿತರರ ಜೊತೆ ಸೇರಿಸಿದರೆ ನಡೆಯುತ್ತದೆ.

– ನಿವೃತ್ತ ಪಂಚಾಯಿತಿ ಕಾರ್ಯದರ್ಶಿ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ