ಸಿಲಿಂಡರ್ ಮೇಲಿನ ತಾರೀಕು: ಮಗಳಿಗೊಂದು ಪತ್ರ

ಕುಶಾಲನಗರ
14 ಸೆಪ್ಟೆಂಬರ್ 2025

ಪುಟ್ಟಿ,

ಫೋನಿನಲ್ಲಿ ಮೂರು ಸಲ ಹೇಳಲು ಹೋದೆ. ಮೂರು ಸಲವೂ ಊಟ ಆಯ್ತಾ, ಹಾಸ್ಟೆಲ್‌ನಲ್ಲಿ ನೀರು ಸರಿಯಾಗಿ ಬರ್ತಿದೆಯಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಗ್ಯಾರೇಜಿನ ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಗ್ರೀಸಿನ ಕಲೆ ಕಂಡರೆ ಸುಮ್ನೆ ಓದಿಕೊಂಡು ಹೋಗು.

ಹೋದ ತಿಂಗಳ ಏರ್ ರೈಫಲ್ ಮ್ಯಾಚ್ ವಿಷಯ. ನೀನು ಅದನ್ನು ಮರೆಯಲು ನೋಡುತ್ತಿದ್ದೀಯ ಅಂತ ಗೊತ್ತು. ನನಗೆ ಮರೆಯೋಕೆ ಆಗುತ್ತಿಲ್ಲ, ಅದಕ್ಕೆ ಕಾರಣ ಇದೆ.

ಆ ದಿನ ಬೆಳಿಗ್ಗೆ ನೀನು ಸಾಮಾನು ಚೆಕ್ ಮಾಡಿಸಲು ಒಳಗೆ ಹೋದೆ. ನಾನು ಬಾಗಿಲಾಚೆ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಗಾಜಿನಿಂದ ಎಲ್ಲ ಕಾಣುತ್ತಿತ್ತು. ರೈಫಲ್ ತೂಗಿದರು, ಐದೂವರೆ ಕೆ.ಜಿ. ಒಳಗೇ ಇತ್ತು. ಶೂ ಬಗ್ಗಿಸಿ ನೋಡಿದರು. ಜಾಕೆಟ್ಟಿನ ಬಟ್ಟೆ ಎಷ್ಟು ಬಿರುಸು ಅಂತ ಗೇಜ್ ಒತ್ತಿ ನೋಡಿದರು. ಆ ಜಡ್ಜ್ ಜಾಕೆಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದ್ದೂ ಕಂಡಿತು. ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತೆ ಅಂತ ನಿಮ್ಮಮ್ಮ ಆಷಾಢ ಪೂರ್ತಿ ಅದನ್ನು ಒಲೆಯ ಮೇಲೆ ನೇತುಹಾಕಿದ್ದಳಲ್ಲ, ಅವರಿಗೆ ಪಾಪ ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ ಬಂದಿರಬೇಕು. ನಾನು ಹೊರಗೆ ಒಬ್ಬನೇ ನಕ್ಕೆ.

ಆಮೇಲೆ ಅವರು ರೈಫಲ್ ತಿರುಗಿಸಿದರು. ಗುಂಡು ತಳ್ಳೋ ಗಾಳಿ ತುಂಬಿದ ಸಿಲಿಂಡರನ್ನು ಹೆಬ್ಬೆರಳಲ್ಲಿ ಒರೆಸಿದರು. ಕನ್ನಡಕ ಹಣೆಗೇರಿಸಿ, ಹತ್ತಿರ ಹಿಡಿದು ನೋಡಿದರು. ಅಲ್ಲಿಗೆ ನನ್ನ ನಗು ನಿಂತಿತು.

2015ರ ಮೇ ತಿಂಗಳ ಸಿಲಿಂಡರ್. ಅದರ ಆಯಸ್ಸು ಹತ್ತು ವರ್ಷ. ನಾವಿದ್ದದ್ದು 2025ರ ಆಗಸ್ಟಿನಲ್ಲಿ. ಅವರು ತಲೆ ಅಲ್ಲಾಡಿಸಿದರು. ನೀನು ತಿರುಗಿ ಬಾಗಿಲ ಕಡೆ, ನನ್ನನ್ನು ನೋಡಿದೆ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ.

ಆ ಧಾರವಾಡದ ಹುಡುಗಿ ಇಲ್ಲದಿದ್ದರೆ ನೀನು ಅವತ್ತು ಲೇನಿಗೇ ಹೋಗುತ್ತಿರಲಿಲ್ಲ. ಮೊದಲ ಸರದಿಯಲ್ಲೇ ಹೊಡೆದು ಮುಗಿಸಿ ಮೆಟ್ಟಿಲ ಮೇಲೆ ಕೂತು ಚಪಾತಿ ತಿನ್ನುತ್ತಿದ್ದಳು. ಅವಳದೂ ಅದೇ ಕಂಪನಿಯ ರೈಫಲ್, ಇಲ್ಲದಿದ್ದರೆ ಥ್ರೆಡ್ಡೇ ಕೂರುತ್ತಿರಲಿಲ್ಲ. ನೀನು ಬಾಯಿ ಬಿಟ್ಟು ಪೂರ್ತಿ ಕೇಳುವ ಮೊದಲೇ ಕೈ ಒರೆಸಿಕೊಂಡು ತನ್ನದನ್ನು ಬಿಚ್ಚಿದಳು. "ನೂರಾ ಎಂಬತ್ತು ಐತ್ರಿ ಅಕ್ಕಾ, ಸಾಕಾಗ್ತೈತಿ" ಅಂದಳು. ನೂರಾ ಎಂಬತ್ತು ಬಾರ್ ಒತ್ತಡದ ಗಾಳಿ. ಅವಳೂ ನಿನ್ನ ಹಾಗೇ ಅದೇ ಆಯ್ಕೆ ಪಟ್ಟಿಗೆ ಬರಲು ಹೊಡೆದವಳು. ಅವಳ ಮುಖದಲ್ಲಿ ಆ ಲೆಕ್ಕ ಒಂದು ಕ್ಷಣವೂ ಕಾಣಲಿಲ್ಲ.

ಅವಳದು ಸ್ಟೀಲಿನದು, ನಮ್ಮದು ಅಲ್ಯೂಮಿನಿಯಂ. ಮತ್ತೆ ತೂಗಿಸಿದ್ದಾಯಿತು, ರೈಫಲ್ಲಿನ ಮೂತಿ ಭಾರ ಆಯಿತು. ಸೈಟರ್ಸ್‌ಗೆ, ಅಂದರೆ ಲೆಕ್ಕಕ್ಕಿಲ್ಲದ ಅಭ್ಯಾಸದ ಗುಂಡುಗಳಿಗೆ, ಇರೋ ಹದಿನೈದು ನಿಮಿಷದಲ್ಲಿ ನಿನಗೆ ಸಿಕ್ಕಿದ್ದು ಎಂಟೋ ಒಂಬತ್ತೋ.

ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಹಿಂದೆ ಕೂತು ನಾನು ಸ್ಕೋರ್ ನೋಡೋದೇ ಕಡಿಮೆ. ಎದೆ ಹೊಡೆದುಕೊಳ್ಳುತ್ತೆ. ನೀನು ರೈಫಲ್ ಇಳಿಸುತ್ತೀಯಾ ಇಲ್ವಾ ಅಂತ ನೋಡುತ್ತಿರುತ್ತೇನೆ. ಎತ್ತುತ್ತೀಯ. ಕೆನ್ನೆ ಇಡುತ್ತೀಯ. ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರುತ್ತೆ. ಸೈಟಿನ ಉಂಗುರದೊಳಗೆ ಕರಿ ಗುರಿ ಬಂದು ನಿಲ್ಲಬೇಕು. ಅದರ ಮಧ್ಯದ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ನಾನು ಮೊದಲ ಸಲ ಕೇಳಿದಾಗ ನಂಬದೆ ಫೀಲರ್ ಗೇಜ್ ತಂದು ಹಿಡಿದು ನೋಡಿದ್ದೆ, ನೆನಪಿದೆಯಾ? ಎಸ್ಟೇಟಿನ ಹಳೇ ವಿಲ್ಲೀಸ್ ಜೀಪಿಗೆ ಪಾಯಿಂಟ್ ಗ್ಯಾಪ್ ಇಡುವಷ್ಟು. ಹತ್ತು ಮೀಟರ್ ದೂರದಿಂದ. ಐದಾರು ಸೆಕೆಂಡಿನಲ್ಲಿ ಗುಂಡು ಹೋದರೆ ಹೋಯಿತು. ಹೋಗದಿದ್ದರೆ ಇಳಿಸಬೇಕು, ಉಸಿರಾಡಬೇಕು, ಮತ್ತೆ ಎತ್ತಬೇಕು.

ಮೊದಲ ಹತ್ತು ಗುಂಡಿನಲ್ಲಿ ನೀನು ಒಂದು ಸಲವೂ ಇಳಿಸಲಿಲ್ಲ. ಮನೆಯಲ್ಲಿ ಜಗಳ ಆಡಿಕೊಂಡು ಬಂದವರು ಗೇರ್ ಹಾಕಿದ ಹಾಗೆ ಹೊಡೆದೆ. 98.7. ಎರಡನೇ ಸೀರೀಸ್ 101.2. ಆಮೇಲೆ ನಿಧಾನಕ್ಕೆ ದಾರಿಗೆ ಬಂದೆ. ಕೊನೇ ಸೀರೀಸ್‌ನಲ್ಲಿ ಒಂದು ಗುಂಡಿಗೆ ಮೂರು ಸಲ ಎತ್ತಿ ಮೂರು ಸಲ ಇಳಿಸಿದೆ. ಗಡಿಯಾರ ಓಡುತ್ತಿತ್ತು, 75 ನಿಮಿಷದಲ್ಲಿ 60 ಗುಂಡು ಮುಗಿಯಬೇಕಲ್ಲ. ನನ್ನ ಪಕ್ಕದಲ್ಲಿದ್ದ ಇನ್ನೊಬ್ಬ ಅಪ್ಪ "ಹೊಡೀಬಾರ್ದಾ ಈ ಹುಡುಗಿ" ಅಂತ ಗೊಣಗಿದರು. ನಾಲ್ಕನೇ ಸಲ ಎತ್ತಿದೆ. ಟಪ್. 10.7. ಆ ಸೀರೀಸ್ 104.0. ಎರವಲು ಸಿಲಿಂಡರಿನಲ್ಲಿ.

ಒಟ್ಟು 613.0. ಬೇಕಾಗಿದ್ದದ್ದು 614.3. ಮೊದಲ ಹತ್ತು ಗುಂಡಿನಲ್ಲಿ ಹೋದದ್ದು ಎಷ್ಟು ಅಂತ ನೀನು ಬಸ್ಸಿನಲ್ಲಿ ಬೆರಳಲ್ಲಿ ಲೆಕ್ಕ ಹಾಕುತ್ತಿದ್ದೆ. ನಾನು ಕಿಟಕಿ ನೋಡುತ್ತಿದ್ದೆ.

ಬಿಡದಿ ದಾಟೋವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ನೀನೇ ಅಂದೆ, "ನನ್ನದೇ ತಪ್ಪು ಅಪ್ಪಾ. ನನ್ನ ಸಾಮಾನು ನಾನೇ ನೋಡ್ಕೋಬೇಕಿತ್ತು. ಸಿಲಿಂಡರ್ ತಾರೀಕು ಹೊಡೆಯೋರ ಜವಾಬ್ದಾರಿ ಅಂತ ರೂಲ್ ಬುಕ್ಕಲ್ಲೇ ಇದೆ." ಕಣ್ಣೊರೆಸಿಕೊಂಡು ನನಗೇ ಸಮಾಧಾನ ಬೇರೆ ಹೇಳಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಮ್ಯಾಚ್ ಮಧ್ಯದಲ್ಲೇ ಕೈಕೊಟ್ಟಿತ್ತು, 575 ಹೊಡೆದು 12ನೇ ಸ್ಥಾನಕ್ಕೆ ನಿಂತಳು, ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತರಲಿಲ್ವಾ ಅಂತ. ನಾನು "ಹೂಂ" ಅಂದೆ.

ಆ "ಹೂಂ" ಬಗ್ಗೆಯೇ ಈ ಕಾಗದ. ಮನುಗೆ ಕೈಕೊಟ್ಟಿದ್ದು ಮಷಿನ್. ನಿನಗೆ ಕೈಕೊಟ್ಟಿದ್ದು ನಾನು.

ಆ ತಾರೀಕನ್ನು ನಾನು ಏಪ್ರಿಲ್‌ನಲ್ಲೇ ನೋಡಿದ್ದೆ, ಪುಟ್ಟಿ. ನೀನು ರಜೆಗೆ ಬಂದಿದ್ದೆ. ನಾನು ಹಿಂದಿನ ಶೆಡ್ಡಿನಲ್ಲಿ ಸಿಲಿಂಡರ್ ಬಿಚ್ಚಿ ಕೈಪಂಪಿನಲ್ಲಿ ಗಾಳಿ ಹೊಡೆಯುತ್ತಿದ್ದೆ. ಆ ಪಂಪ್ ಹೊಡೆಯೋವಾಗ ಬೇರೆ ಏನು ಕೆಲಸ, ಮುಂದಿರೋದನ್ನೇ ನೋಡುತ್ತಿರಬೇಕು. ಅಕ್ಷರ ಎದುರಿಗೇ ಇತ್ತು. ಓದಿದೆ. ಲೆಕ್ಕ ಹಾಕಿದೆ. ಹೊಸದು ತರಿಸಲು ಎಷ್ಟಾಗುತ್ತೆ ಅಂತ ಫೋನ್ ಮಾಡಿಯೂ ವಿಚಾರಿಸಿದೆ. ಗ್ಯಾರೇಜಿನ ತಿಂಗಳ ಬಾಡಿಗೆಗಿಂತ ಜಾಸ್ತಿ. ಆ ಸೆಕೆಂಡ್ ಹ್ಯಾಂಡ್ ರೈಫಲ್‌ಗೆ ಓಮ್ನಿ ಮಾರಿ ಆಗಿತ್ತು, ಇನ್ನು ಮಾರಲು ಉಳಿದದ್ದು ಕಂಪ್ರೆಸರ್ ಒಂದೇ. ಈ ಮ್ಯಾಚ್ ಒಂದು ಕಳೀಲಿ, ದಸರಾಕ್ಕೆ ತಗೊಳ್ಳೋಣ, ಅಷ್ಟು ಸಣ್ಣ ಅಕ್ಷರ ಯಾರು ನೋಡ್ತಾರೆ ಅಂದುಕೊಂಡೆ. ಬ್ರೇಕ್ ಲೈನರ್ ಬಗ್ಗೆ ಗಿರಾಕಿ ಇದೇ ಮಾತು ಆಡಿದರೆ ನಾನು ಗಾಡಿ ಕೀ ಕೊಡೋದಿಲ್ಲ.

ನೀನು ಸಣ್ಣವಳಿದ್ದಾಗ ಅಡುಗೆ ಗ್ಯಾಸ್ ಬಂದ ಕೂಡಲೇ ನಿನ್ನನ್ನು ಕರೆಯುತ್ತಿದ್ದೆ. ಸಿಲಿಂಡರ್ ಕತ್ತಿನ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ವರ್ಷ. ಬಿ ಅಂದ್ರೆ ಯಾವಾಗ ಅಂತ ಕೇಳಿದರೆ ನೀನು "ಏಪ್ರಿಲ್, ಮೇ, ಜೂನ್" ಅಂತ ರಾಗವಾಗಿ ಹೇಳುತ್ತಿದ್ದೆ. ನಿನಗೆ ತಾರೀಕು ನೋಡಲು ಕಲಿಸಿದವನು ನಾನೇ. ಆಮೇಲೆ ರೈಫಲ್ಲಿನ ಗಾಳಿಯ ಕೆಲಸ ಅಪ್ಪನದು ಅಂತ ನೀನು ನೋಡೋದು ಬಿಟ್ಟೆ. ಅದು ನಂಬಿಕೆ. ಅದನ್ನು ತಪ್ಪು ಅಂತ ನೀನು ಬಸ್ಸಿನಲ್ಲಿ ಒಪ್ಪಿಕೊಂಡೆ, ನಾನು ಒಪ್ಪಿಕೊಳ್ಳಲು ಬಿಟ್ಟೆ.

"ಅಪ್ಪಾ, ಮತ್ತೆ ಎಮ್ಮನ್ಸ್ ಕತೆನಾ" ಅಂತೀಯ, ಇದೊಂದು ಸಲ ಕೇಳು. ಎಲ್ಲರೂ ಹೇಳೋದು 2004ರ ಅಥೆನ್ಸ್‌ನಲ್ಲಿ ಆ ಅಮೆರಿಕದ ಮ್ಯಾಟ್ ಎಮ್ಮನ್ಸ್ ಕೊನೇ ಗುಂಡನ್ನು ಪಕ್ಕದವನ ಗುರಿಗೆ ಹೊಡೆದು, ಕೈಗೆ ಬಂದ ಚಿನ್ನ ಬಿಟ್ಟು ಎಂಟನೇ ಸ್ಥಾನಕ್ಕೆ ಬಿದ್ದದ್ದು. ನನಗೆ ಇಷ್ಟ ಅದಕ್ಕೆ ಎರಡು ದಿನ ಮೊದಲಿನದು. ಮಲಗಿ ಹೊಡೆಯೋ 50 ಮೀಟರ್ ರೈಫಲ್, ಅದರಲ್ಲಿ ಚಿನ್ನ ಹೊಡೆದಿದ್ದ. ಆ ರೈಫಲ್ ಅವನದಲ್ಲ. ಆ ವರ್ಷ ಟ್ರಯಲ್ಸ್ ಹೊತ್ತಿಗೆ ಅವನದನ್ನು ಯಾರೋ ಬೇಕಂತಲೇ ಹಾಳು ಮಾಡಿದ್ದರು. ಜೊತೆಯಲ್ಲಿ ಓದಿದ ಹುಡುಗಿಯೊಬ್ಬಳ ರೈಫಲ್ ಎರವಲು ತಂದಿದ್ದ. ಬಸ್ಸಿನಲ್ಲಿ ಈ ಕತೆ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನಿನ್ನ 104.0ಕ್ಕೆ ಇದಕ್ಕಿಂತ ಸರಿಯಾದ ಕತೆ ಇಲ್ಲ. ಆದರೆ "ಯಾರೋ ಹಾಳು ಮಾಡಿದ್ದರು" ಅನ್ನೋ ಜಾಗಕ್ಕೆ ಬಂದಾಗ ಗಂಟಲು ಕಟ್ಟಿತು.

ಮ್ಯಾಚ್ ಹೋದದ್ದು ಒಂದು ಲೆಕ್ಕ. ಅದಕ್ಕಿಂತ ಬೇರೆಯದು ನನ್ನ ನಿದ್ದೆ ಕೆಡಿಸಿದೆ. ಕಾರಿನ ಟೈರಿಗೆ ನಾನು ಹಾಕೋದು ಎರಡು ಬಾರ್ ಚಿಲ್ಲರೆ. ಆ ಸಿಲಿಂಡರಿಗೆ ತುಂಬುತ್ತಿದ್ದದ್ದು ಇನ್ನೂರು. ಹತ್ತಿರ ಹತ್ತಿರ ನೂರು ಟೈರಿನ ಒತ್ತಡ, ಒಂದು ಮೊಳಕ್ಕಿಂತ ಚಿಕ್ಕ ಕೊಳವೆಯಲ್ಲಿ, ನಿನ್ನ ಎಡಗೈಯ ಮುಂದೆ. ಏನೂ ಆಗಲಿಲ್ಲ. ಬಹುಶಃ ಇನ್ನೂ ಒಂದು ವರ್ಷ ಏನೂ ಆಗುತ್ತಿರಲಿಲ್ಲ. ಆದರೆ ಆ ಜಡ್ಜ್ ಕನ್ನಡಕ ಹಣೆಗೇರಿಸಿದಾಗ ಮನಸ್ಸಿನಲ್ಲೇ ಅವರನ್ನು ಬೈದಿದ್ದೆ. ಅವರು ಕಾದದ್ದು ನಿನ್ನ ಕೈಯನ್ನು. ನಾನು ಕಾದದ್ದು ದಸರಾ.

ನಿನಗೆ ಒಂಬತ್ತು ವರ್ಷ ಇದ್ದಾಗ ಕೊಡವರ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ಗಿರಾಕಿಯೊಬ್ಬರು ಅವರ ಊರಿಗೆ ಕರೆದಿದ್ದರು. ಮನೆಯಲ್ಲಿ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಆಗಿತ್ತು. ಮೈದಾನದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಸ್ಪರ್ಧೆ. ಹನ್ನೆರಡು ಬೋರಿನ ಸದ್ದಿಗೆ ನೀನು ಕಿವಿ ಮುಚ್ಚಿ ನನ್ನ ಲುಂಗಿ ಹಿಂದೆ ಸೇರಿದ್ದೆ. ಆಮೇಲೆ ಮಕ್ಕಳಿಗೆ ಏರ್‌ಗನ್ ಕೊಟ್ಟು ನೇತುಹಾಕಿದ ಮೊಟ್ಟೆಗೆ ಹೊಡೆಯಿರಿ ಅಂದರು. ಗಾಳಿಗೆ ಮೊಟ್ಟೆ ಆಡುತ್ತಿತ್ತು. ಹುಡುಗರೆಲ್ಲ ಎತ್ತಿದ್ದೇ ಹೊಡೆದರು. ನೀನು ಎತ್ತಿ, ನೋಡಿ, ಇಳಿಸಿಬಿಟ್ಟೆ. ಹೆದರಿದಳು ಅಂದುಕೊಂಡೆ. ಗಾಳಿ ನಿಂತ ಮೇಲೆ ಮತ್ತೆ ಎತ್ತಿದೆ. ಮೊಟ್ಟೆ ತಗುಲಿತೋ ಇಲ್ಲವೋ ಈಗ ನನಗೇ ಅನುಮಾನ, ತಗುಲಿತು ಅಂತ ನೀನು ಹೇಳುತ್ತೀಯ, ಇರಲಿ. ನನಗೆ ನೆನಪಿರೋದು ನೀನು ಇಳಿಸಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಶೆಡ್ಡಿನ ಹಿಂದೆ ಹತ್ತು ಮೀಟರ್ ಅಳೆದು ಶೀಟ್ ಹಾಕಿಸಿದೆ. ಅದಕ್ಕೇ ಓಮ್ನಿ ಮಾರಿದೆ. ಮೆಡಲ್ ಆಸೆ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ, ಅದೂ ಇತ್ತು.

ಈಗ ಕೆಲಸದ ಮಾತು. ಹೊಸ ಸಿಲಿಂಡರ್ ಬಂದಿದೆ. ದುಡ್ಡು ಎಲ್ಲಿಂದ ಅಂತ ಕೇಳಬೇಡ, ಕಂಪ್ರೆಸರ್ ಮಾರಿಲ್ಲ. ಗ್ಯಾರೇಜಿನ ಗೋಡೆಯ ಮೇಲೆ, ಲಕ್ಷ್ಮಿ ಫೋಟೋ ಕೆಳಗೆ, ಕೆಂಪು ಪೇಂಟಲ್ಲಿ 2035 ಅಂತ ಬರೆದಿದ್ದೇನೆ. ನಂಬರ್ ಪ್ಲೇಟ್ ಬರೆಯೋ ಹುಡುಗ ಏನಿದು ಅಂತ ಕೇಳಿದ, ಹೇಳಲಿಲ್ಲ. ಹಳೆಯದರ ಗಾಳಿ ಪೂರ್ತಿ ಬಿಟ್ಟು, ವೈಸ್‌ಗೆ ಕಟ್ಟಿ, ಈಚೆಯಿಂದ ಆಚೆಗೆ ತೂತು ಕೊರೆದೆ. ಪಾಪ ಅಂತ ಯಾರಾದರೂ ಎತ್ತಿಟ್ಟುಕೊಂಡು ತುಂಬಿಸಬಾರದಲ್ಲ. ಅದು ಈಗ ಬೆಂಚಿನ ಮೇಲೆ ಸ್ಪ್ಯಾನರ್‌ಗಳ ಪಕ್ಕದಲ್ಲಿದೆ. ದಿನಾ ಕಣ್ಣಿಗೆ ಬೀಳುತ್ತೆ.

ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ "ಮೊದಲು ಅವಳಿಗೆ ಹೇಳಿ" ಅಂದಳು, ಅಷ್ಟೆ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಮೈಸೂರಿಗೆ ಬರುತ್ತೇನೆ. ಸಿಲಿಂಡರ್ ಖಾಲಿ ಮಾಡಿಯೇ ತರುತ್ತೇನೆ, ಅಲ್ಲೇ ತುಂಬಿಸೋಣ. ಹಾಕಿದ ಮೇಲೆ ಬ್ಯಾಲೆನ್ಸ್ ನೋಡು, ಸೈಟ್ ಮುಟ್ಟಲು ಅವಸರ ಬೇಡ. ತಾರೀಕನ್ನು ನೀನೇ ಓದಿ ನನಗೆ ಹೇಳು. ಬೈಯೋದಿದ್ದರೆ ಅವತ್ತೇ ಬೈದು ಮುಗಿಸು, ಬಸ್ ಸ್ಟ್ಯಾಂಡ್ ಆದರೂ ಪರವಾಗಿಲ್ಲ. ಜಾಕೆಟ್ ಅಲ್ಲಿ ಬಿಸಿಲಿಗೆ ಹಾಕುತ್ತಿದ್ದೀಯ ತಾನೇ?

ಇನ್ನೊಂದು. ಧಾರವಾಡದ ಹುಡುಗಿಗೆ ಕಳಿಸೋಣ ಅಂತ ಅಮ್ಮ ಕಾಫಿಪುಡಿ, ಕಾಳುಮೆಣಸು ಕಟ್ಟಿಟ್ಟಿದ್ದಾಳೆ. ಅವಳ ವಿಳಾಸ ಕೇಳಿ ಇಟ್ಟುಕೋ. ಅವತ್ತಿನ ಗಡಿಬಿಡಿಯಲ್ಲಿ ನಾನು ಗಮನಿಸಲಿಲ್ಲ, ಅವಳ ಸಿಲಿಂಡರಿಗೆ ಗಾಳಿ ತುಂಬಿಸಿ ವಾಪಸ್ ಕೊಟ್ಟೆಯಾ, ಇಲ್ಲಾ ಹಾಗೇ ಕೊಟ್ಟೆಯಾ?

ಅಪ್ಪ