ಊರಿನ ಅಂಕಣ ಏಕೆ ಖಾಲಿ?

ಮಾನ್ಯರೇ,

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಕಚೇರಿಯೊಂದರಲ್ಲಿ ಫಲಾನುಭವಿಗಳ ಪಟ್ಟಿ ಅಂಟಿಸಿದ್ದರು. ನಮ್ಮ ಸೋದರತ್ತೆಯ ಹೆಸರಿತ್ತು, ಮಾವನ ಹೆಸರಿತ್ತು. ಊರಿನ ಅಂಕಣ ಮಾತ್ರ ಬೋಳು. ಅದೇ ಹೆಸರಿನವರು ಇನ್ನೂ ಇಬ್ಬರಿದ್ದಾರೆಂದು ಎಪ್ಪತ್ತು ದಾಟಿದ ಅತ್ತೆಯನ್ನು ಎರಡು ಸಲ ಅಲೆಸಿದರು. ಕೇಳಿದರೆ, 'ಕಂಪ್ಯೂಟರ್‌ನಲ್ಲಿ ಹಾಗೇ ಬಂದಿದೆ' ಎಂಬ ಉತ್ತರ.

ಕಂಪ್ಯೂಟರ್‌ನಲ್ಲಿ ಏನು ಬಂದಿದೆಯೆಂದು ನೋಡಿಯೇಬಿಡೋಣವೆನಿಸಿತು. ಎಕ್ಸ್‌ಎಂಎಲ್ ಕಡತಗಳನ್ನು, ಅಂದರೆ ಪ್ರತಿ ಮಾಹಿತಿಗೂ ಹೆಸರುಪಟ್ಟಿ ಅಂಟಿಸಿದ ಕಡತಗಳನ್ನು, ಅವುಗಳ ರೂಪ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಎಂಬ ಭಾಷೆ ಬಳಸಿ ಪುಟಕ್ಕಿಳಿಸುವುದೇ ಮುದ್ರಣಾಲಯದಲ್ಲಿ ನನ್ನ ಕೆಲಸ. ಕಚೇರಿಯಲ್ಲಿ ಪಟ್ಟಿ ತಯಾರಿಸುವ ಹುಡುಗ ಒಳ್ಳೆಯವನು, ಕಡತ ತೆರೆದು ತೋರಿಸಿದ. ವ್ಯಕ್ತಿಯ ದಾಖಲೆಯಲ್ಲಿ ಊರಿನ ಸಂಕೇತ ಮಾತ್ರ. ಸಂಕೇತಕ್ಕೆ ಹೆಸರು ಅದೇ ಕಡತದ ಕೊನೆಯ ಪಟ್ಟಿಯಲ್ಲಿ. ಇದು ಸರಿಯಾದ ಪದ್ಧತಿಯೇ. ಊರಿನ ಹೆಸರನ್ನು ನೂರು ಕಡೆ ಬೆರಳಚ್ಚು ಮಾಡಿಸಿದರೆ ನಾಲ್ಕು ಬಗೆಯ ಕಾಗುಣಿತ ಖಂಡಿತ. ವ್ಯಕ್ತಿಯ ದಾಖಲೆಯನ್ನೂ ಊರುಗಳ ಪಟ್ಟಿಯನ್ನೂ ಬೆಸೆಯಲು ಎಕ್ಸ್‌ಎಸ್‌ಎಲ್‌ಟಿಯಲ್ಲಿ 1999ರ ಮೊದಲ ಆವೃತ್ತಿಯಿಂದಲೂ 'ಕೀ' ಎಂಬುದಿದೆ. ಪುಸ್ತಕದ ಕೊನೆಯ ಪದಸೂಚಿಯಂತೆ, ಸಂಕೇತ ಕೊಟ್ಟರೆ ಆ ಊರಿನ ದಾಖಲೆಯನ್ನು ಎತ್ತಿಕೊಡುತ್ತದೆ.

ಹುಡುಗ ಕೀ ಸರಿಯಾಗಿಯೇ ಬರೆದಿದ್ದ. ಆದರೆ ಅತ್ತೆಯ ದಾಖಲೆಯಲ್ಲಿ '045', ಊರುಗಳ ಪಟ್ಟಿಯಲ್ಲಿ '45'. ನಮಗೆ ಎರಡೂ ಒಂದೇ. ಕೀ ಮಾತ್ರ ಇವನ್ನು ಸಂಖ್ಯೆಗಳೆಂದು ನೋಡದೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಸೊನ್ನೆಯೊಂದು ಹೆಚ್ಚಿದ್ದರೆ ಬೇರೆಯದೇ ಊರು. ಸಿಗದಿದ್ದರೆ ದೂರು ಹೇಳುವುದಿಲ್ಲ, ಜಾಗ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ.

ಎರಡೂ ಕಡೆ ಸಂಕೇತವನ್ನು 'ನಂಬರ್' ಎಂಬ ಆಜ್ಞೆಯಿಂದ ಸುತ್ತಿ ಸಂಖ್ಯೆಯಾಗಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ನನ್ನ ತಕರಾರು ಅದಲ್ಲ, ಸದ್ದಿಲ್ಲದೆ ಖಾಲಿ ಬಿಡುವುದರ ಬಗ್ಗೆ. ಒಮ್ಮೆ ಸ್ಮರಣ ಸಂಚಿಕೆಯೊಂದಕ್ಕೆ ಊರುಗಳ ಪಟ್ಟಿಯನ್ನು ಬೇರೆ ಕಡತದಲ್ಲಿಟ್ಟಿದ್ದೆ. ಕೀ ಆ ಹೊತ್ತಿಗೆ ಓದುತ್ತಿರುವ ಕಡತದೊಳಗಷ್ಟೇ ಹುಡುಕುತ್ತದೆ ಎಂಬುದನ್ನು ಮರೆತಿದ್ದೆ. ಇಡೀ ಅಂಕಣವೇ ಖಾಲಿಯಾಗಿ ಮೊದಲ ಕರಡಿನಲ್ಲೇ ಸಿಕ್ಕಿಬಿದ್ದೆ. ಸಾವಿರ ಸಾಲಿನ ನಡುವೆ ಏಳೆಂಟು ಮಾತ್ರ ಖಾಲಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಏಳೆಂಟು ಮನೆಯವರನ್ನು ಬಿಟ್ಟು. ಆದ್ದರಿಂದ ಇಂಥ ಪಟ್ಟಿ ತಯಾರಿಸುವ ಇಲಾಖೆಗಳು, ಹೆಸರು ಸಿಗದ ಕಡೆ 'ಸಂಕೇತ 045: ಊರು ಸಿಗಲಿಲ್ಲ' ಎಂದು ಅಚ್ಚಾಗುವಂತೆ ಕಡ್ಡಾಯ ಮಾಡಲಿ. ಅದಕ್ಕೆ ನಾಲ್ಕೈದು ಸಾಲು ಸಾಕು.

ಹುಡುಗ ನನ್ನೆದುರೇ ತಿದ್ದಿದ. ಹೊಸ ಪಟ್ಟಿ ಅಂಟಿಸಲು ಮೇಲಿನವರ ಸಹಿ ಬೇಕಂತೆ. ನಿನ್ನೆ ಹೋದಾಗಲೂ ಗೋಡೆಯ ಮೇಲೆ ಹಳೆಯದೇ ಇತ್ತು.

– ಮುದ್ರಣಾಲಯದ ನೌಕರ, ಧಾರವಾಡ ಜಿಲ್ಲೆ