ಶನಿವಾರದ ಕರೋಕೆ ಸಂಜೆ: ಹಾಡುವವರೂ ಕೇಳುವವರೂ ಗಮನಿಸಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 5.30ಕ್ಕೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕರೋಕೆ, ಅಂದರೆ ಮುದ್ರಿತ ಹಿನ್ನೆಲೆ ಸಂಗೀತಕ್ಕೆ ನಾವೇ ಹಾಡುವ ಕಾರ್ಯಕ್ರಮವಿದೆ. ಕಳೆದ ಬಾರಿ ಹಾಡಿನ ಗದ್ದಲದಲ್ಲಿ ಮಾತಿಗೆ ಸಮಯವೇ ಸಿಗಲಿಲ್ಲ. ಆದ್ದರಿಂದ ಈ ಸಲ ಮೊದಲ ಇಪ್ಪತ್ತು ನಿಮಿಷ ಕರೋಕೆಯ ಕಥೆಗೇ ಮೀಸಲು.

ಜಪಾನಿ ಭಾಷೆಯಲ್ಲಿ ‘ಕರ’ ಎಂದರೆ ಖಾಲಿ. ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ಮೊಟಕು ರೂಪ. 1971ರಲ್ಲಿ ಕೋಬೆ ನಗರದ ವಾದಕ ದೈಸುಕೆ ಇನೋಯೆ ನಾಣ್ಯ ಹಾಕಿದರೆ ಹಿನ್ನೆಲೆ ಸಂಗೀತ ನುಡಿಸುವ ಯಂತ್ರ ಕಟ್ಟಿದರು, ಆದರೆ ಪೇಟೆಂಟ್ ಮಾಡಿಸಲಿಲ್ಲ. ಕರೋಕೆ ಜಗತ್ತನ್ನೆಲ್ಲ ಸುತ್ತಿತು. 2004ರಲ್ಲಿ ಅವರಿಗೆ ದೊರೆತದ್ದು ಇಗ್ ನೊಬೆಲ್ (ನೊಬೆಲ್‌ನ ತಮಾಷೆಯ ಅಣಕು) ಶಾಂತಿ ಪ್ರಶಸ್ತಿ, ಅದೂ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವ ಹೊಸ ದಾರಿಯನ್ನು ಜನರಿಗೆ ತೋರಿಸಿದ್ದಕ್ಕೆ! (ಕಳೆದ ಬಾರಿ ನನ್ನ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಹಾಡುವವರು ಗುರುವಾರ ರಾತ್ರಿಯೊಳಗೆ ಹಾಡಿನ ಹೆಸರು, ಶ್ರುತಿ ಇಲ್ಲಿಯೇ ತಿಳಿಸಿ. ಒಬ್ಬರಿಗೆ ಒಂದೇ ಹಾಡು. ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲಿ ತನ್ನಿ. ಭವನದ ಇಂಟರ್ನೆಟ್ ನೆಚ್ಚಿಕೊಳ್ಳುವಂಥದ್ದಲ್ಲ. ರಾತ್ರಿ 9ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಪಕ್ಕದ ಮನೆಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ಕುರ್ಚಿ ಜೋಡಿಸಲು ನಾಲ್ವರು ಬೇಕು. 5ಕ್ಕೇ ಬರಬಲ್ಲವರು ದಯವಿಟ್ಟು ಕೆಳಗೆ ಹೆಸರು ಬರೆಯಿರಿ.